ಡಬ್ಬಿಯ ಮೇಲೆ ಬರೆಯದ ಅಂಕಿ

2004ರ ಬೇಸಿಗೆ. ತಾಲ್ಲೂಕು ಕೇಂದ್ರವೊಂದರ ಬಸ್‌ಸ್ಟ್ಯಾಂಡ್ ಪಕ್ಕ ನಾನೊಂದು ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದೆ. ಅದಕ್ಕೂ ಮುಂಚೆ ಅದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್. ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿ, ಬ್ಯಾಂಕಿನಲ್ಲಿ ಸಾಲ ತೆಗೆದು, 2002ರಲ್ಲಿ ಎಂಟು ಅಸೆಂಬಲ್ಡ್ ಕಂಪ್ಯೂಟರ್ ಹಾಕಿಸಿದ್ದೆ. ಬೆಳಿಗ್ಗೆ ಶಟರ್ ತೆಗೆದು, ಕಸ ಗುಡಿಸಿ, ಎಲ್ಲ ಮಿಷನ್ ಆನ್ ಮಾಡಿಡಲು ಒಬ್ಬ ಹುಡುಗನಿದ್ದ. ಪಿಯುಸಿ ಮುಗಿಸಿದವನು, ಬಾಯಿ ಕಡಿಮೆ, ಕೈ ಚುರುಕು.

ಎರಡೇ ವರ್ಷಕ್ಕೆ ಕಂಪ್ಯೂಟರುಗಳು ಒಂದೊಂದಾಗಿ ಆಟ ಆಡೋಕೆ ಶುರುಮಾಡಿದವು. ಟೈಪಿಂಗ್ ಮಾಡುವಾಗ ಸುಮ್ಮನಿರುವುದು, ಫೋಟೋಶಾಪ್ ತೆಗೆದ ತಕ್ಷಣ ತಾನಾಗೇ ರೀಸ್ಟಾರ್ಟ್ ಆಗುವುದು. ಬೆಳಿಗ್ಗೆಯಂತೂ ನಾಲ್ಕೈದು ಸಲ ಸ್ವಿಚ್ ಒತ್ತಿದರೇ ಏಳುವುದು. ಕರೆಂಟ್ ಸರಿ ಇಲ್ಲ ಅಂದುಕೊಂಡು ಸ್ಟೆಬಿಲೈಸರ್ ತಂದೆ, ಯುಪಿಎಸ್ ಬದಲಿಸಿದೆ. ಕೊನೆಗೆ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ಮದರ್‌ಬೋರ್ಡ್ ಬಿಚ್ಚಿ, ಪ್ರೊಸೆಸರ್ ಪಕ್ಕ ಸಾಲಾಗಿ ನಿಂತ ಪುಟ್ಟ ಡಬ್ಬಿಗಳಲ್ಲೊಂದನ್ನು ಕಿತ್ತು ಮೀಟರಿಗೆ ಹಿಡಿದರು. "1500 ಮೈಕ್ರೋಫ್ಯಾರಡ್ ಅಂತ ಬರ್ದಿದೆ, 1380 ತೋರಿಸ್ತಿದೆ. ಕೆಪಾಸಿಟರ್ ಸರಿಯಾಗೇ ಇದೆ ಸಾರ್. ಯಾರೋ ಶಟ್‌ಡೌನ್ ಮಾಡ್ದೆ ಸ್ವಿಚ್ ಆಫ್ ಮಾಡ್ತಾ ಇರ್ಬೇಕು" ಅಂದರು.

ದಿನಾ ಬೆಳಿಗ್ಗೆ ಸ್ವಿಚ್ಚನ್ನು ನಾಲ್ಕೈದು ಸಲ ಒತ್ತುವವನು ಯಾರು ಅಂತ ನನಗೆ ಗೊತ್ತಿತ್ತಲ್ಲ! ಹುಡುಗನನ್ನು ಎಲ್ಲರೆದುರೇ ಬೈದೆ. "ಒತ್ತಿದ್ರೇನೇ ಆನ್ ಆಗೋದು ಸಾರ್" ಅಂದ. ಎದುರುತ್ತರ ಅನ್ನಿಸಿತು. ಆ ತಿಂಗಳ ಸಂಬಳದಲ್ಲಿ 600 ರೂಪಾಯಿ ಹಿಡಿದೆ. ಮುಂದಿನ ವಾರದಿಂದ ಅವನು ಬರಲಿಲ್ಲ.

ಅವನು ಹೇಳಿದ್ದು ಅಕ್ಷರಶಃ ನಿಜ ಅಂತ ನನಗೆ ತಿಳಿದದ್ದು ಎಷ್ಟೋ ಆಮೇಲೆ. ಕೆಪಾಸಿಟರ್ ಮೇಲೆ ಬರೆದಿದ್ದ ಅಂಕಿ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಬರೆಯದೇ ಬಿಟ್ಟ ಅಂಕಿ. ಆ ಬರೆಯದ ಅಂಕಿಗೂ ಒಂದು ಇತಿಹಾಸವಿದೆ, ಅದರಲ್ಲಿ ನನ್ನ ಹಾಗೆ ದುಡುಕಿದವರೂ ಇದ್ದಾರೆ. ಆ ಕಥೆ ಇದು.

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ಕೆಪಾಸಿಟರ್ ಅಂದರೆ ವಿದ್ಯುತ್ತನ್ನು ತುಂಬಿಟ್ಟುಕೊಂಡು ಬೇಕಾದಾಗ ಕೊಡುವ ಪಾತ್ರೆ. ನಮ್ಮ ಫ್ಯಾನ್ ರಿಪೇರಿಯವರು ಇವತ್ತಿಗೂ ಅದನ್ನು ಕಂಡೆನ್ಸರ್ ಅಂತಲೇ ಕರೆಯುತ್ತಾರೆ. ಎಷ್ಟು ಹಿಡಿಯುತ್ತದೆ ಅನ್ನುವುದನ್ನು ಫ್ಯಾರಡ್‌ನಲ್ಲಿ ಅಳೆಯುತ್ತಾರೆ, ಡಬ್ಬಿಯ ಮೇಲೆ ಬರೆಯುವುದು ಅದನ್ನೇ. ಆದರೆ ಪಾತ್ರೆಗೊಂದು ಬಾಯಿಯೂ ಇರುತ್ತದೆ. ಹತ್ತು ಲೀಟರ್ ಹಿಡಿಯುವ ಎರಡು ಕೊಡ ಇಟ್ಟುಕೊಳ್ಳಿ, ಒಂದಕ್ಕೆ ಅಗಲ ಬಾಯಿ, ಇನ್ನೊಂದಕ್ಕೆ ಬೆರಳು ತೂರುವಷ್ಟು ಬಾಯಿ. ನಿಧಾನವಾಗಿ ತುಂಬಿ ಅಳೆದರೆ ಎರಡೂ ಹತ್ತು ಲೀಟರೇ. ಬೆಂಕಿ ಬಿದ್ದಾಗ ಒಮ್ಮೆಲೇ ಸುರಿಯಬೇಕು ಅಂದಾಗ ವ್ಯತ್ಯಾಸ ಗೊತ್ತಾಗುತ್ತದೆ. ಕೆಪಾಸಿಟರಿನ ಒಳಗೇ ಇರುವ ಈ ಇಕ್ಕಟ್ಟು ಬಾಯಿಗೆ ಎಂಜಿನಿಯರುಗಳು ಇಎಸ್‌ಆರ್ ಅನ್ನುತ್ತಾರೆ. ನಾವು ಒಳರೋಧ ಅನ್ನೋಣ. ಅದನ್ನು ಅಳೆಯುವುದು ಓಮ್‌ನಲ್ಲಿ.

ಓಮನ್ನು ಫ್ಯಾರಡ್‌ನಿಂದ ಗುಣಿಸಿದರೆ ಏನು ಬರುತ್ತದೆ ಗೊತ್ತೇ? ಸೆಕೆಂಡ್. ಸೀದಾ ಸೀದಾ ಸಮಯ. 1000 ಓಮ್ ರೋಧದ ಮೂಲಕ 1000 ಮೈಕ್ರೋಫ್ಯಾರಡ್ ತುಂಬಲು ಬಿಟ್ಟರೆ ಒಂದು ಸೆಕೆಂಡಿಗೆ ಅದು 63 ಶೇಕಡ ತುಂಬಿರುತ್ತದೆ. ಅಂದರೆ ಕೆಪಾಸಿಟರಿನ ಒಳಗೇ ರೋಧ ಇದೆ ಅಂದರೆ, ಅದರ ಒಳಗೇ ಒಂದು ತಡ ಕೂತಿದೆ ಅಂತ ಅರ್ಥ. ಈ ತಡವನ್ನು ಮನುಷ್ಯ ಗುರುತಿಸುವುದಕ್ಕೆ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಮೊದಲ ಕೆಪಾಸಿಟರ್ ಒಂದು ಗಾಜಿನ ಜಾಡಿ. 1745ರಲ್ಲಿ ಜರ್ಮನಿಯ ಕಡೆಯ ಪಾದ್ರಿ ಎವಾಲ್ಡ್ ಫಾನ್ ಕ್ಲೈಸ್ಟ್, ಸ್ವಲ್ಪದರಲ್ಲೇ ಹಾಲೆಂಡಿನ ಲೈಡನ್ ಊರಿನ ಪ್ರೊಫೆಸರ್ ಪೀಟರ್ ಫಾನ್ ಮುಸ್ಸೆನ್‌ಬ್ರೂಕ್, ಇಬ್ಬರೂ ಬೇರೆಬೇರೆಯಾಗಿ ಇದನ್ನು ಕಂಡುಕೊಂಡರು. ನೀರು ತುಂಬಿದ ಗಾಜಿನ ಪಾತ್ರೆ, ಒಳಗೆ ಇಳಿಬಿಟ್ಟ ಲೋಹದ ಕಡ್ಡಿ, ಹೊರಗಿನಿಂದ ಹಿಡಿದ ಕೈ. ಘರ್ಷಣೆ ಯಂತ್ರದಿಂದ ಬಂದ ವಿದ್ಯುತ್ತು ಅದರಲ್ಲಿ ಸೇರಿಕೊಂಡು, ಮುಟ್ಟಿದವರಿಗೆ ಮೈ ಜುಮ್ಮೆನ್ನುವಂಥ ಹೊಡೆತ ಕೊಡುತ್ತಿತ್ತು. ಊರಿನ ಹೆಸರಿನಿಂದ ಅದಕ್ಕೆ ಲೈಡನ್ ಜಾಡಿ ಅಂತಲೇ ಹೆಸರಾಯಿತು.

ಜಾಡಿ ಸಿಕ್ಕಿದ್ದೇ ತಡ, ಎಲ್ಲರಿಗೂ ಒಂದೇ ಪ್ರಶ್ನೆ. ಇದು ಎಷ್ಟು ಬೇಗ ಖಾಲಿಯಾಗುತ್ತದೆ? ಪ್ಯಾರಿಸಿನಲ್ಲಿ ಅಬೆ ನೊಲೆ ಅನ್ನುವವರು ಸುಮಾರು 200 ಮಂದಿ ಕ್ರೈಸ್ತ ಸನ್ಯಾಸಿಗಳನ್ನು ತಂತಿ ಹಿಡಿಸಿ ಸಾಲಾಗಿ ನಿಲ್ಲಿಸಿ ಜಾಡಿಯ ಹೊಡೆತ ಹರಿಸಿದರು. ಎಲ್ಲರೂ ಒಟ್ಟಿಗೇ ಹಾರಿದರು. ಲಂಡನ್ನಿನ ವಿಲಿಯಂ ವಾಟ್ಸನ್ 1747ರಲ್ಲಿ ಥೇಮ್ಸ್ ನದಿಯ ಆಚೆಗೆ ತಂತಿ ಎಳೆದರು, ಮರುವರ್ಷ ಮೈಲುಗಟ್ಟಲೆ ಎಳೆದರು. ಹೊಡೆತ ಹೊರಟದ್ದಕ್ಕೂ ಮುಟ್ಟಿದ್ದಕ್ಕೂ ನಡುವೆ ಅಳೆಯುವಷ್ಟು ಅಂತರ ಸಿಗಲಿಲ್ಲ. ತತ್‌ಕ್ಷಣ ಅಂತ ತೀರ್ಮಾನವಾಯಿತು. ಅವರ ಕೈಯಲ್ಲಿದ್ದ ಗಡಿಯಾರಕ್ಕೆ ಅದು ತತ್‌ಕ್ಷಣವೇ ಸರಿ. ಆದರೆ ತಪ್ಪು ತೀರ್ಮಾನ ಅಲ್ಲಿಂದಲೇ ಬೇರು ಬಿಟ್ಟಿತು. ಕೆಪಾಸಿಟರಿಗೆ ಗಾತ್ರ ಮಾತ್ರ ಇದೆ, ತಡ ಅನ್ನುವುದಿಲ್ಲ ಅಂತ.

ಒಳಗೆ ಇನ್ನೇನೋ ನಡೆಯುತ್ತಿದೆ ಅಂತ ಲೆಕ್ಕ ಹಾಕಿ ತೋರಿಸಿದವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು. 1853ರಲ್ಲಿ ಅವರು ಹೇಳಿದ್ದು ಇಷ್ಟು. ಜಾಡಿ ಖಾಲಿಯಾಗುವ ರೀತಿಯನ್ನು ದಾರಿಯಲ್ಲಿರುವ ರೋಧ ನಿರ್ಧರಿಸುತ್ತದೆ. ರೋಧ ಕಡಿಮೆಯಿದ್ದರೆ ವಿದ್ಯುತ್ತು ಉಯ್ಯಾಲೆಯಂತೆ ಹಿಂದಕ್ಕೂ ಮುಂದಕ್ಕೂ ತೂಗಿ ತೂಗಿ ನಿಲ್ಲುತ್ತದೆ. ಜಾಸ್ತಿಯಿದ್ದರೆ ತೂಗುವುದೇ ಇಲ್ಲ, ಮೆಲ್ಲಗೆ ಇಳಿದುಹೋಗುತ್ತದೆ. ಅದೇ ದಶಕದ ಕೊನೆಗೆ ಲೈಪ್‌ಜಿಗ್‌ನಲ್ಲಿ ಬೆರೆಂಡ್ ಫೆಡರ್ಸನ್ ಗಿರಗಿರನೆ ತಿರುಗುವ ಕನ್ನಡಿಯಲ್ಲಿ ಜಾಡಿಯ ಕಿಡಿಯನ್ನು ಹಿಡಿದು, ಫೋಟೋ ತೆಗೆದು, ಕೆಲ್ವಿನ್ ಹೇಳಿದ್ದು ಕಣ್ಣಿಗೆ ಕಾಣುವಂತೆ ಮಾಡಿದರು. ತತ್‌ಕ್ಷಣ ಅಂದುಕೊಂಡಿದ್ದ ಕಿಡಿಗೂ ಒಂದು ಆರಂಭ, ಒಂದು ಅಂತ್ಯ, ನಡುವೆ ಒಂದು ನಡಿಗೆ ಇತ್ತು.

ಇದೆಲ್ಲ ಲ್ಯಾಬಿನ ಒಳಗಿನ ಮಾತಾಯಿತು. ಈ ಪಾಠವನ್ನು ದುಡ್ಡು ಕೊಟ್ಟು ಕಲಿತವರು ಟೆಲಿಗ್ರಾಫ್ ಕಂಪನಿಯವರು. ಕಂಬದ ಮೇಲಿನ ತಂತಿಯಲ್ಲಿ ಚುಕ್ಕಿ, ಗೆರೆ ಚುರುಕಾಗಿ ಹೋಗುತ್ತಿದ್ದವು. ಅದೇ ತಂತಿಗೆ ಗಟ್ಟಾಪರ್ಚಾ ಅನ್ನುವ ಮರದ ಅಂಟು ಬಳಿದು ನೀರಿನೊಳಗೆ ಹಾಕಿದರೆ ಸಂದೇಶ ಕಲಸಿಹೋಗುತ್ತಿತ್ತು. ಚುಕ್ಕಿ ಎಳೆದುಕೊಂಡು ಗೆರೆಯಾಗುವುದು, ಒಂದರ ಬಾಲ ಇನ್ನೊಂದರ ತಲೆಗೆ ಅಂಟುವುದು. ಕಾರಣ ಹೇಳಿದವರು ಮೈಕೆಲ್ ಫ್ಯಾರಡೆ. 1854ರಲ್ಲಿ ಅವರು ತೋರಿಸಿಕೊಟ್ಟರು: ಒಳಗೆ ತಾಮ್ರ, ನಡುವೆ ಅಂಟು, ಹೊರಗೆ ನೀರು. ಇದು ಇನ್ನೇನು, ಮೈಲುಗಟ್ಟಲೆ ಉದ್ದದ ಲೈಡನ್ ಜಾಡಿ! ಸಂದೇಶ ಆ ತುದಿ ಮುಟ್ಟುವ ಮೊದಲು ಈ ಜಾಡಿ ತುಂಬಬೇಕು, ಮುಂದಿನದಕ್ಕೆ ಮುಂಚೆ ಖಾಲಿಯಾಗಬೇಕು. ಅಷ್ಟೂ ವಿದ್ಯುತ್ತು ಹಾಯಬೇಕಾದದ್ದು ತೆಳ್ಳನೆಯ ತಾಮ್ರದ ಮೂಲಕ. ಆ ತಾಮ್ರದ ರೋಧವೇ ಈ ದೈತ್ಯ ಕೆಪಾಸಿಟರಿನ ಒಳರೋಧ.

ಕೆಲ್ವಿನ್ ಇದಕ್ಕೂ ಲೆಕ್ಕ ಹಾಕಿದರು. ಕೇಬಲ್ ಉದ್ದವಾದಷ್ಟೂ ಹಿಡಿಯುವ ಗಾತ್ರವೂ ಹೆಚ್ಚು, ರೋಧವೂ ಹೆಚ್ಚು. ತಡ ಅಂದರೆ ಇವೆರಡರ ಗುಣಾಕಾರ. ಆದ್ದರಿಂದ ಉದ್ದ ಎರಡು ಪಟ್ಟಾದರೆ ತಡ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಉಪಾಯ ಒಂದೇ, ತಾಮ್ರ ದಪ್ಪ ಮಾಡಿ, ಅಂಟಿನ ಪದರ ದಪ್ಪ ಮಾಡಿ ಅಂದರು. ಅಟ್ಲಾಂಟಿಕ್ ಟೆಲಿಗ್ರಾಫ್ ಕಂಪನಿಯ ಎಲೆಕ್ಟ್ರಿಷಿಯನ್ ವೈಲ್ಡ್‌ಮನ್ ವೈಟ್‌ಹೌಸ್ ಒಪ್ಪಲಿಲ್ಲ. ಅವರು ಮೂಲತಃ ಡಾಕ್ಟರು, ಶಸ್ತ್ರಚಿಕಿತ್ಸೆ ಮಾಡುತ್ತಿದ್ದವರು, ಸ್ವಂತ ಪ್ರಯೋಗಗಳ ಮೇಲೆ ಅಪಾರ ನಂಬಿಕೆ ಇದ್ದವರು. ದಪ್ಪ ತಾಮ್ರಕ್ಕೆ ದುಡ್ಡೂ ಜಾಸ್ತಿ. ಕೇಬಲ್ ತೆಳ್ಳಗೇ ಆಯಿತು.

1858ರ ಆಗಸ್ಟಿನಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡಿಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಕೇಬಲ್ ಮುಟ್ಟಿತು. ಎರಡೂ ಕಡೆ ಪಟಾಕಿ, ಮೆರವಣಿಗೆ. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬುಕಾನನ್‌ಗೆ ಕಳಿಸಿದ ಸಂದೇಶದಲ್ಲಿ ಇದ್ದದ್ದು 98 ಪದ. ಅದು ಹೋಗಿ ಮುಟ್ಟಲು ಹಿಡಿದದ್ದು ಸುಮಾರು 16 ಗಂಟೆ. ನಮ್ಮ ಸೆಂಟರಿನ ಟೈಪಿಂಗ್ ಕಲಿಯುವ ಮಗು ಮೂರ್ನಾಲ್ಕು ನಿಮಿಷದಲ್ಲಿ ಹೊಡೆಯುವಷ್ಟು ಅಕ್ಷರ ಅದು. ಸಂದೇಶ ಸರಿಯಾಗಿ ಬರುತ್ತಿಲ್ಲ ಅಂತ ವೈಟ್‌ಹೌಸ್ ಇಂಡಕ್ಷನ್ ಕಾಯಿಲ್ ಹಾಕಿ ಸುಮಾರು 2000 ವೋಲ್ಟ್ ಕೊಟ್ಟರು. ಮೂರ್ನಾಲ್ಕು ವಾರದಲ್ಲಿ ಕೇಬಲ್ ಸತ್ತೇಹೋಯಿತು.

ಇಲ್ಲಿ ನನಗೆ ನನ್ನ ಸೆಂಟರ್ ನೆನಪಾಗುತ್ತದೆ. ಕಂಪನಿ ವೈಟ್‌ಹೌಸ್‌ರನ್ನು ಕೆಲಸದಿಂದ ತೆಗೆಯಿತು, ಎಲ್ಲ ಬೈಗುಳ ಅವರ ತಲೆಗೆ ಬಂತು. ಅವರು ಮಾಡಿದ್ದೂ ತಪ್ಪೇ, ಅದರಲ್ಲಿ ಅನುಮಾನವಿಲ್ಲ. ಆದರೆ ತನಿಖೆಗೆ ಕೂತ ಸಮಿತಿ 1861ರಲ್ಲಿ ವರದಿ ಕೊಟ್ಟಾಗ ತಪ್ಪು ಒಬ್ಬರದೇ ಅಲ್ಲ ಅಂತ ತಿಳಿಯಿತು. ಕೇಬಲಿನ ವಿನ್ಯಾಸ, ತಯಾರಿಕೆ, ಸಾಗಾಟ ಎಲ್ಲದರಲ್ಲೂ ಕೊರತೆಯಿತ್ತು. ಅವರು ವೋಲ್ಟೇಜ್ ಏರಿಸಿದ್ದೇ ಕೇಬಲ್ ಆಗಲೇ ಸೊರಗಿತ್ತು ಅನ್ನುವ ಕಾರಣಕ್ಕೆ. ನನ್ನ ಹುಡುಗ ಸ್ವಿಚ್ಚನ್ನು ಐದು ಸಲ ಒತ್ತಿದ ಹಾಗೆ. ರೋಗದ ಲಕ್ಷಣವನ್ನೇ ರೋಗದ ಕಾರಣ ಅಂದುಕೊಳ್ಳುವುದು ಎಷ್ಟು ಸುಲಭ ನೋಡಿ. ವ್ಯತ್ಯಾಸ ಇಷ್ಟೇ, ವೈಟ್‌ಹೌಸ್ ಕೈಯಲ್ಲಿ ಅಧಿಕಾರವಿತ್ತು, ಎಚ್ಚರಿಸಲು ಪಕ್ಕದಲ್ಲೇ ಕೆಲ್ವಿನ್ ಇದ್ದರು. ಆ ಹುಡುಗನ ಕೈಯಲ್ಲಿ ಪೊರಕೆ ಬಿಟ್ಟರೆ ಇನ್ನೇನೂ ಇರಲಿಲ್ಲ.

1866ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಹೊಸ ಕೇಬಲ್ ಹಾಸಿತು. ಹಳೆಯದರಲ್ಲಿ ಮೈಲಿಗೆ 107 ಪೌಂಡ್ ತಾಮ್ರವಿದ್ದರೆ ಹೊಸದರಲ್ಲಿ 300 ಪೌಂಡ್. ನಿಮಿಷಕ್ಕೆ ಎಂಟು ಪದದಂತೆ ಸಂದೇಶ ಹರಿಯಿತು. ಅದೇ ಹಡಗು 1870ರಲ್ಲಿ ಮುಂಬೈಗೂ ಬಂದು ಏಡನ್ ಮಾರ್ಗವಾಗಿ ಸೂಯೆಜ್ ಕಡೆಗೆ ಕೇಬಲ್ ಹಾಸಿತು. ರೋಧವನ್ನು ಎಲ್ಲರೂ ಒಂದೇ ಅಳತೆಯಲ್ಲಿ ಅಳೆಯಬೇಕು ಅನ್ನುವ ಒತ್ತಾಯ ಬಂದದ್ದೂ ಈ ಕೇಬಲ್ ಕಾಲದಲ್ಲೇ. 1861ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಅದಕ್ಕಾಗಿಯೇ ಒಂದು ಸಮಿತಿ ಮಾಡಿತು. ಇವತ್ತಿನ ಓಮ್ ಆ ಸಮಿತಿಯ ಕೆಲಸದಿಂದ ಬೆಳೆದದ್ದು.

ಇನ್ನು ನನ್ನ ಮದರ್‌ಬೋರ್ಡಿನ ಪುಟ್ಟ ಡಬ್ಬಿಗೆ ಬರೋಣ. ಅದು ಇಲೆಕ್ಟ್ರೋಲಿಟಿಕ್ ಕೆಪಾಸಿಟರ್. ಪೋಲೆಂಡ್ ಮೂಲದ ಕರೋಲ್ ಪೊಲ್ಲಾಕ್ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಲ್ಯೂಮಿನಿಯಂ ಹಾಳೆಯ ಮೇಲೆ ವಿದ್ಯುತ್ತಿನಿಂದಲೇ ಒಂದು ತೆಳು ಆಕ್ಸೈಡ್ ಪೊರೆ ಬೆಳೆಸುವುದು, ಎದುರಿಗೆ ಬೋರಾಕ್ಸ್ ದ್ರಾವಣ ಇಡುವುದು. ಪೊರೆ ಎಷ್ಟು ತೆಳ್ಳಗೋ ಕೆಪಾಸಿಟರ್ ಅಷ್ಟು ದೊಡ್ಡದು. ಹಾಗಾಗಿ ಜಾಡಿಗಳ ಕೋಣೆಯೇ ಬೇಕಾಗುತ್ತಿದ್ದಷ್ಟು ಗಾತ್ರ ಅಂಗೈಗೆ ಬಂತು. 1920ರ ದಶಕದಲ್ಲಿ ಮನೆಯ ಕರೆಂಟಿಗೆ ಹಾಕುವ ರೇಡಿಯೋ ಬಂದಾಗ ಇದಕ್ಕೆ ಬೇಡಿಕೆ ಬಂತು. 1925ರ ಹೊತ್ತಿಗೆ ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ ದ್ರಾವಣ ತುಳುಕದ ಹಾಗೆ ಕಾಗದಕ್ಕೆ ಹೀರಿಸಿ, ಹಾಳೆಗಳ ನಡುವೆ ಸುತ್ತಿ ಡಬ್ಬಿಗೆ ಹಾಕುವ ದಾರಿ ಮಾಡಿದರು. ಇವತ್ತಿನ ಡಬ್ಬಿ ಬಿಚ್ಚಿದರೂ ಒಳಗೆ ಅದೇ, ಚಾಪೆ ಸುರುಳಿಯಂತೆ ಸುತ್ತಿದ ಹಾಳೆ, ನಡುವೆ ಒದ್ದೆ ಕಾಗದ.

ಆ ಒದ್ದೆಯಲ್ಲೇ ಇರುವುದು ಕಷ್ಟ. ತಾಮ್ರದಲ್ಲಿ ವಿದ್ಯುತ್ತು ಓಡಿದ ಹಾಗೆ ದ್ರಾವಣದಲ್ಲಿ ಓಡುವುದಿಲ್ಲ. ಅಲ್ಲಿ ಅಯಾನುಗಳು ಕಾಗದದ ಎಳೆಗಳ ನಡುವೆ ನುಸುಳಿ ಸಾಗಬೇಕು. ಹಾಗಾಗಿ ಒಳರೋಧ ಹೆಚ್ಚು. ಚಳಿಯಲ್ಲಿ ದ್ರಾವಣ ಗಟ್ಟಿಯಾದಷ್ಟೂ ಹೆಚ್ಚು, ಒಣಗಿದಷ್ಟೂ ಇನ್ನೂ ಹೆಚ್ಚು. ರೋಧದಲ್ಲಿ ವಿದ್ಯುತ್ತು ಹರಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ದ್ರಾವಣ ಒಣಗುತ್ತದೆ, ಒಣಗಿದರೆ ರೋಧ ಏರುತ್ತದೆ, ಏರಿದರೆ ಮತ್ತಷ್ಟು ಬಿಸಿ. ಬಡ್ಡಿಗೆ ಬಡ್ಡಿ ಸೇರಿದ ಹಾಗೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕೆಪಾಸಿಟರಿನ ಆಯಸ್ಸು ಅರ್ಧವಾಗುತ್ತದೆ ಅನ್ನುವುದು ಎಂಜಿನಿಯರುಗಳ ಲೆಕ್ಕಾಚಾರ. ನಮ್ಮ ಅಜ್ಜನ ಕಾಲದ ವಾಲ್ವ್ ರೇಡಿಯೋ ವಯಸ್ಸಾದ ಮೇಲೆ ಹಾಡಿನ ಹಿಂದೆ 'ಹುಂ' ಅಂತ ಗುನುಗುತ್ತಿತ್ತಲ್ಲ, ಬಹುಮಟ್ಟಿಗೆ ಒಣಗುತ್ತಿರುವ ಕೆಪಾಸಿಟರಿನ ದನಿ ಅದು.

ಹಾಗಂತ ಎಲ್ಲ ತಡಕ್ಕೂ ಈ ಒಳರೋಧವನ್ನೇ ದೂರುವಂತಿಲ್ಲ. ನಾನೇ ಆಮೇಲೆ ಆ ತಪ್ಪನ್ನೂ ಮಾಡಿದೆ. ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ವಿನ್ಯಾಸ ಮಾಡಿ, ಮರುವರ್ಷ ಸಿಗ್ನೆಟಿಕ್ಸ್ ಕಂಪನಿ ಮಾರಿದ 555 ಅನ್ನುವ ಟೈಮರ್ ಚಿಪ್ ಎಲ್ಲ ಹವ್ಯಾಸಿಗಳಿಗೂ ಗೊತ್ತು. ಅದು ಕೆಪಾಸಿಟರ್ ಮೂರನೇ ಎರಡು ಭಾಗ ತುಂಬುವವರೆಗೆ ಕಾಯುತ್ತದೆ, ಅದೇ ಅದರ ಗಡಿಯಾರ. ಹತ್ತು ಲಕ್ಷ ಓಮ್ ರೋಧ, 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ 110 ಸೆಕೆಂಡ್ ಬರಬೇಕು. ಕೆಪಾಸಿಟರಿನ ಒಳರೋಧ 5 ಓಮ್ ಇದ್ದರೆ ಎಷ್ಟು ವ್ಯತ್ಯಾಸ? ಹತ್ತು ಲಕ್ಷಕ್ಕೆ ಐದು. ಲೆಕ್ಕಕ್ಕೇ ಇಲ್ಲ.

ಇಲ್ಲಿ ಕಾಟ ಕೊಡುವುದು ಇನ್ನೊಂದು ಒಳರೋಧ, ಅಂದರೆ ಸೋರಿಕೆ. ಪೊರೆಯ ಮೂಲಕವೇ ಒಂದಿಷ್ಟು ವಿದ್ಯುತ್ತು ಜಿನುಗುತ್ತಿರುತ್ತದೆ, ತಳ ತೂತಾದ ಕೊಡದಂತೆ. ಆ ಜಿನುಗು ಒಂದು ಕೋಟಿ ಓಮ್‌ಗೆ ಸಮವಾದರೆ 110 ಸೆಕೆಂಡ್ ಹೋಗಿ 120 ಆಗುತ್ತದೆ. 20 ಲಕ್ಷ ಓಮ್‌ಗೆ ಇಳಿಯಿತು ಅನ್ನಿ, ತುಂಬಿದಷ್ಟೂ ಸೋರಿ ಕೆಪಾಸಿಟರ್ ಆ ಮೂರನೇ ಎರಡು ಭಾಗವನ್ನು ದಾಟುವುದೇ ಇಲ್ಲ. ಟೈಮರ್ ಕಾಯುತ್ತಲೇ ಕೂರುತ್ತದೆ. ನಾನು ಮನೆಯ ಮೆಟ್ಟಿಲ ದೀಪಕ್ಕೆ ಮಾಡಿದ ಟೈಮರ್ ಇಡೀ ರಾತ್ರಿ ಉರಿದದ್ದು ಹೀಗೇ. ಒಂದು ರೋಧ ತೀರಾ ಕಡಿಮೆಯಿರಬೇಕು, ಇನ್ನೊಂದು ತೀರಾ ಹೆಚ್ಚಿರಬೇಕು. ಯಾವ ಕೆಲಸಕ್ಕೆ ಯಾವುದು ಮುಖ್ಯ ಅಂತ ತಿಳಿಯದೆ ಬರೀ ಮೈಕ್ರೋಫ್ಯಾರಡ್ ಓದಿದರೆ ಉಪಯೋಗವಿಲ್ಲ.

ಹಾಗಾದರೆ ಮೊದಲು ಹೇಳಿದ ಒಳರೋಧ ಎಲ್ಲಿ ಕಾಡುತ್ತದೆ? ಎಲ್ಲಿ ಸಮಯ ಸೆಕೆಂಡಿನಿಂದ ಮೈಕ್ರೋಸೆಕೆಂಡಿಗೆ ಇಳಿಯುತ್ತದೋ ಅಲ್ಲಿ. 1000 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ 0.1 ಓಮ್ ಒಳರೋಧ ಇದ್ದರೆ ಅದರ ಸ್ವಂತ ತಡ 100 ಮೈಕ್ರೋಸೆಕೆಂಡ್. ಅದಕ್ಕಿಂತ ಚುರುಕಾದ ಕೆಲಸಕ್ಕೆ ಆ ಡಬ್ಬಿ ಪಾತ್ರೆಯಾಗಿ ಉಳಿಯುವುದಿಲ್ಲ, ಬರೀ ಬಾಯಿಯಾಗಿ ವರ್ತಿಸುತ್ತದೆ. ಮೀಟರ್ ಅಳೆಯುವುದು ನಿಧಾನವಾಗಿ, ಹಾಗಾಗಿ ಅದಕ್ಕೆ ಪಾತ್ರೆ ಮಾತ್ರ ಕಾಣುತ್ತದೆ.

2000ದ ದಶಕದ ಆರಂಭಕ್ಕೆ ಕಂಪ್ಯೂಟರುಗಳು ಈ ಜಾಗಕ್ಕೇ ಬಂದು ನಿಂತವು. ಪ್ರೊಸೆಸರ್ ತಿನ್ನುವ ಶಕ್ತಿ 60-70 ವ್ಯಾಟ್‌ಗೆ ಏರಿತು, ವೋಲ್ಟೇಜ್ ಮಾತ್ರ ಒಂದೂವರೆಯ ಹತ್ತಿರ ಇಳಿಯಿತು. ಭಾಗಿಸಿ ನೋಡಿ, 40 ಆಂಪಿಯರ್‌ಗೂ ಮೇಲೆ! ಅದೂ ಒಂದೇ ಸಮ ಅಲ್ಲ. ಫೋಟೋಶಾಪ್ ತೆಗೆದರೆ ಮೈಕ್ರೋಸೆಕೆಂಡಿನೊಳಗೆ 20 ಆಂಪಿಯರ್ ಹೆಚ್ಚು ಕೇಳುತ್ತದೆ. ಆ ಕ್ಷಣಕ್ಕೆ ಕೊಡಬೇಕಾದವು ಪಕ್ಕದಲ್ಲಿ ನಿಂತ ಡಬ್ಬಿಗಳು. ಆರು ಡಬ್ಬಿ, ಒಂದೊಂದರ ಒಳರೋಧ 0.03 ಓಮ್ ಇದ್ದರೆ ಒಟ್ಟಿಗೆ ಸೇರಿ 0.005 ಓಮ್, 20 ಆಂಪಿಯರಿಗೆ 0.1 ವೋಲ್ಟ್ ಕುಸಿತ. ಹೇಗೋ ತಡೆದುಕೊಳ್ಳಬಹುದು. ಒಳರೋಧ ಹತ್ತು ಪಟ್ಟಾಯಿತು ಅನ್ನಿ, ಕುಸಿತ ಒಂದು ವೋಲ್ಟ್. ಇರುವುದೇ ಒಂದೂವರೆ.

ವೋಲ್ಟೇಜ್ ಕುಸಿದರೆ ಪ್ರೊಸೆಸರ್ ಒಳಗಿನ ಟ್ರಾನ್ಸಿಸ್ಟರುಗಳು ನಿಧಾನವಾಗುತ್ತವೆ. ಆದರೆ ಕ್ಲಾಕ್ ಕಾಯುವುದಿಲ್ಲ, ಅದು ತನ್ನ ಪಾಡಿಗೆ ಸೆಕೆಂಡಿಗೆ ಕೋಟಿ ಕೋಟಿ ಸಲ ಹೊಡೆಯುತ್ತಲೇ ಇರುತ್ತದೆ. ಉತ್ತರ ತಯಾರಾಗುವ ಮೊದಲೇ ಗಂಟೆ ಹೊಡೆದು ಪೇಪರ್ ಕಿತ್ತುಕೊಂಡ ಹಾಗೆ. ಅರ್ಧ ಬರೆದ ಉತ್ತರವನ್ನೇ ಮುಂದಿನ ಹಂತ ಪೂರ್ತಿ ಅಂದುಕೊಳ್ಳುತ್ತದೆ. ಮಿಷನ್ ಹ್ಯಾಂಗ್ ಆಗುವುದು, ರೀಸ್ಟಾರ್ಟ್ ಆಗುವುದು ಅದಕ್ಕೇ.

ಹಾಗಾಗಿ ಒಳರೋಧ ತೀರಾ ಕಡಿಮೆಯಿರುವ ಕೆಪಾಸಿಟರ್ ಬೇಕಾಯಿತು. ಜಪಾನಿನ ಕಂಪನಿಗಳು ದ್ರಾವಣದಲ್ಲಿ ನೀರಿನ ಪಾಲು ಹೆಚ್ಚಿಸಿ ಅದನ್ನು ಸಾಧಿಸಿದವು. ನೀರಿನಲ್ಲಿ ಅಯಾನುಗಳು ಸರಾಗ, ಬೆಲೆಯೂ ಕಡಿಮೆ. ಆದರೆ ನೀರು ಅಲ್ಯೂಮಿನಿಯಂನ ವೈರಿ. ಎರಡೂ ಸೇರಿದರೆ ಹೈಡ್ರಾಕ್ಸೈಡ್ ಆಗಿ ಹೈಡ್ರೋಜನ್ ಅನಿಲ ಹೊರಡುತ್ತದೆ. ಅದನ್ನು ತಡೆಯಲು ಸರಿಯಾದ ರಾಸಾಯನಿಕಗಳನ್ನು ಬೆರೆಸಲೇಬೇಕು. ಬೇರೆ ಕೆಲವು ತಯಾರಕರು, ಮುಖ್ಯವಾಗಿ ತೈವಾನಿನ ಕಡೆಯವರು, ನೀರು ಸೇರಿಸಿದರು, ಕಾಪಾಡುವ ಬೆರಕೆಯನ್ನು ಸರಿಯಾಗಿ ಸೇರಿಸಲಿಲ್ಲ. ಕದ್ದ ಫಾರ್ಮುಲಾ, ಅದೂ ಅರ್ಧಂಬರ್ಧ ಅಂತ 2002ರ ಸುಮಾರಿಗೆ ಪತ್ರಿಕೆಗಳು ಬರೆದವು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಕೆಟ್ಟ ಡಬ್ಬಿಗಳನ್ನು ಪರೀಕ್ಷಿಸಿದಾಗ ಒಳಗೆ ಸಿಕ್ಕಿದ್ದು ಅದೇ ಹೈಡ್ರೋಜನ್, ಅದೇ ಹೈಡ್ರಾಕ್ಸೈಡ್. ಅನಿಲದ ಒತ್ತಡಕ್ಕೆ ಡಬ್ಬಿಯ ತಲೆ ಉಬ್ಬಿ, ಬಿರಿದು, ಕಂದು ಅಂಟು ಹೊರಬರುತ್ತಿತ್ತು. ಪ್ರಪಂಚದಾದ್ಯಂತ ಕಂಪ್ಯೂಟರುಗಳು ಸತ್ತವು. ಡೆಲ್ ಕಂಪನಿಯೊಂದೇ 2005ರಲ್ಲಿ ಬೋರ್ಡುಗಳನ್ನು ಬದಲಿಸಿಕೊಡುವುದಕ್ಕೆ 30 ಕೋಟಿ ಡಾಲರ್ ಲೆಕ್ಕದಲ್ಲಿ ತೆಗೆದಿಟ್ಟಿತು. ಇತಿಹಾಸ ಇದಕ್ಕೆ ಕೆಪಾಸಿಟರ್ ಪ್ಲೇಗ್ ಅಂತ ಹೆಸರಿಟ್ಟಿದೆ.

ಈಗ ಆ ಹುಡುಗನ ಐದು ಸಲದ ಸ್ವಿಚ್ ನೋಡಿ. ರಾತ್ರಿಯಿಡೀ ತಣ್ಣಗಾದ ದ್ರಾವಣ, ಅರ್ಧ ಕೆಟ್ಟ ಡಬ್ಬಿ. ಬೆಳಿಗ್ಗೆ ಒಳರೋಧ ಗರಿಷ್ಠ. ಮೊದಲನೇ ಸಲ ಒತ್ತಿದಾಗ ಬೋರ್ಡು ಏಳದಿದ್ದರೂ ಡಬ್ಬಿ ಒಂದಿಷ್ಟು ಬೆಚ್ಚಗಾಗುತ್ತದೆ, ಎರಡನೇ ಸಲ ಇನ್ನಷ್ಟು. ನಾಲ್ಕೈದನೇ ಸಲಕ್ಕೆ ರೋಧ ಸಾಕಷ್ಟು ಇಳಿದು ಮಿಷನ್ ಏಳುತ್ತದೆ. ಅವನು ಮಿಷನ್ ಕೆಡಿಸುತ್ತಿರಲಿಲ್ಲ, ದಿನಾ ಬೆಳಿಗ್ಗೆ ಕೆಟ್ಟ ಮಿಷನ್ನನ್ನು ಬೆಚ್ಚಗೆ ಮಾಡಿ ಎಬ್ಬಿಸುತ್ತಿದ್ದ.

ಈ ಬರೆಯದ ಅಂಕಿಯನ್ನು ಸಾಮಾನ್ಯ ರಿಪೇರಿಯವನು ಅಳೆಯುವ ಉಪಾಯ ಅಷ್ಟರಲ್ಲಾಗಲೇ ಇತ್ತು. 1996ರಲ್ಲಿ 'ಎಲೆಕ್ಟ್ರಾನಿಕ್ಸ್ ಆಸ್ಟ್ರೇಲಿಯಾ' ಪತ್ರಿಕೆಯಲ್ಲಿ ಬಾಬ್ ಪಾರ್ಕರ್ ಒಂದು ಇಎಸ್‌ಆರ್ ಮೀಟರಿನ ವಿನ್ಯಾಸ ಕೊಟ್ಟರು, ಅದು ಕಿಟ್ ಆಗಿಯೂ ಮಾರಾಟವಾಯಿತು. ಉಪಾಯ ಸರಳ. ಕೆಪಾಸಿಟರ್ ತುಂಬಲು ಸಮಯವೇ ಸಿಗದಷ್ಟು ಚಿಕ್ಕದಾಗಿ ಕರೆಂಟನ್ನು ಮಿಡಿದು, ಆ ಚಣದಲ್ಲಿ ಎಷ್ಟು ವೋಲ್ಟೇಜ್ ಎದ್ದಿತು ಅಂತ ನೋಡುವುದು. ಪಾತ್ರೆ ಕಾಣದ ಹಾಗೆ ಮಾಡಿ ಬಾಯಿ ಮಾತ್ರ ಅಳೆಯುವುದು. ಬೋರ್ಡಿನಿಂದ ಕೀಳದೆಯೂ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಇನ್ನೊಂದು ಮಾತು ಹೇಳದಿದ್ದರೆ ಒಳರೋಧಕ್ಕೆ ಅನ್ಯಾಯವಾಗುತ್ತದೆ. ಅದು ಸೊನ್ನೆಯಾದರೆ ಎಲ್ಲ ಸುಸೂತ್ರ ಅಂತಲೂ ಅಲ್ಲ. ಹಳೆಯ ಮಾದರಿಯ ಕೆಲವು ಎಲ್‌ಡಿಒ ರೆಗ್ಯುಲೇಟರುಗಳ ಮುಂದೆ ಒಳರೋಧ ತೀರಾ ಕಡಿಮೆಯಿರುವ ಸೆರಾಮಿಕ್ ಕೆಪಾಸಿಟರ್ ಹಾಕಿದರೆ ವೋಲ್ಟೇಜ್ ಸ್ಥಿರವಾಗಿ ನಿಲ್ಲದೆ ತೂಗಾಡತೊಡಗುತ್ತದೆ. ಕೆಲ್ವಿನ್ 1853ರಲ್ಲಿ ಜಾಡಿಯ ಬಗ್ಗೆ ಹೇಳಿದ ಉಯ್ಯಾಲೆಯ ನೆಂಟ ಅನ್ನಿ. ತೂಗಾಟ ನಿಲ್ಲಬೇಕಾದರೆ ಒಂದು ಚೂರು ರೋಧ ಬೇಕು. ಆ ಅಂಕಿ ಇಷ್ಟರಿಂದ ಇಷ್ಟರೊಳಗೆ ಇರಲಿ ಅಂತ ಅಂಥ ಚಿಪ್ಪಿನ ದಾಖಲೆಯಲ್ಲಿ ಬರೆದಿರುತ್ತಾರೆ. ಡಬ್ಬಿಯ ಮೇಲೆ ಮಾತ್ರ ಇವತ್ತಿಗೂ ಬರೆಯುವುದಿಲ್ಲ.

ಸೆಂಟರ್ ಮುಚ್ಚಿದ ಮೇಲೆ 2011ರಲ್ಲಿ ಆ ಹುಡುಗನ ವಿಳಾಸ ಹುಡುಕಿಕೊಂಡು ಹೋದೆ. ಜಿಲ್ಲಾ ಕೇಂದ್ರದಲ್ಲಿ ಅವನದೇ ಮೊಬೈಲ್, ಟಿವಿ ರಿಪೇರಿ ಅಂಗಡಿ. ಏನೇನೋ ಹೇಳಬೇಕು ಅಂತ ಹೋದವನು "ಅವತ್ತು ನೀನು ಹೇಳಿದ್ದೇ ಸರಿ ಕಣಪ್ಪ" ಅಂದು 600 ರೂಪಾಯಿ ಮುಂದಿಟ್ಟೆ. ಬೇಡ ಅನ್ನಲಿಲ್ಲ. ತೆಗೆದು ಡ್ರಾಯರಿಗೆ ಹಾಕಿಕೊಂಡ. ಅದರಿಂದ ನನಗೆ ಎಷ್ಟೋ ಹಗುರವಾಯಿತು. ಆಮೇಲೆ ಕೇಳಿದ, "ಆ ಬೋರ್ಡ್ ಇದ್ಯಾ ಸಾರ್?"

ಅಟ್ಟದ ಮೇಲೆ ಒಂದು ಉಳಿದಿತ್ತು. ಮುಂದಿನ ವಾರ ಒಯ್ದುಕೊಟ್ಟೆ. ಅವನು ಇಎಸ್‌ಆರ್ ಮೀಟರ್ ಹಿಡಿದು ನನ್ನ ಕಡೆ ತಿರುಗಿಸಿದ, 1.8 ಓಮ್. ಹೊಸ ಕೆಪಾಸಿಟರಿಗೆ ಹಿಡಿದು ತೋರಿಸಿದ, 0.02. ಆರನ್ನೂ ಬದಲಿಸಲು ಅರ್ಧ ಗಂಟೆ ಹಿಡಿಯಿತು. ಒಂದೇ ಸಲ ಸ್ವಿಚ್ ಒತ್ತಿದ. ಬೀಪ್ ಅಂತು, ಪರದೆ ಬೆಳಗಿತು. ಒಳಗಿನ ಸೆಲ್ ಸತ್ತು ಎಷ್ಟೋ ಕಾಲವಾಗಿತ್ತು, ದಿನಾಂಕ 2002 ಅಂತ ತೋರಿಸುತ್ತಿತ್ತು.

"ಟೈಮ್ ಒಂದು ಸೆಟ್ ಮಾಡ್ಕೋಬೇಕು ಸಾರ್, ಮಿಕ್ಕಿದ್ದೆಲ್ಲ ಸರಿ ಇದೆ" ಅಂದ.